ಕಡೆಗೆ ಬಂದ ಅಜ್ಜಿ

ಜಪಾನಿನ ಹುಡುಗರ ಕಾಮಿಕ್ಸ್ ವಾರಪತ್ರಿಕೆಯೊಂದರ ಚರಿತ್ರೆ ನನಗೆ ಬಾಯಿಪಾಠ. ಅಮೆರಿಕದ ಟೆಕ್ಸಾಸಿನ ಲಾಸ್ ಕೊಲಿನಾಸ್‌ನಲ್ಲಿ ಕಂಪ್ಯೂಟರ್ ಕುಟ್ಟುವ ಹುಬ್ಬಳ್ಳಿಯವನಿಗೆ ಈ ಉಸಾಬರಿ ಯಾಕೆ ಎಂದು ಹೆಂಡತಿ ಕೇಳುತ್ತಾಳೆ. ಮಗಳಿಗಾಗಿ. ಆಗ ಅವಳಿಗೆ ಹನ್ನೆರಡು ವರ್ಷ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದೇ ಪದ ಉದುರಿಸುತ್ತಿದ್ದಳು. ಆ ಪತ್ರಿಕೆಯ ಮಾತೆತ್ತಿದರೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ. ಮಗಳ ಜೊತೆ ಮಾತು ಬೇಕಲ್ಲ, ನಾನೂ ಓದಿದೆ.

ಅದು ತಡವಾಗಿ ಹುಟ್ಟಿದ ಪತ್ರಿಕೆ. ಹೆಸರಾಂತ ಚಿತ್ರಕಾರರೆಲ್ಲ ಅಷ್ಟರಲ್ಲಿ ಬೇರೆ ಪತ್ರಿಕೆಗಳ ಪಾಲಾಗಿದ್ದರು. ಗತಿಯಿಲ್ಲದೆ ಹೊಸಬರನ್ನು ಹಿಡಿದರು, ಅವರಿಂದಲೇ ಗೆದ್ದರು. ದೊಡ್ಡ ಕಥೆಗಳು ಮುಗಿದಾಗ ಮಾರಾಟ ಕುಸಿಯಿತು. ಮತ್ತೆ ಹೊಸಬರೇ ಬಂದು ಎತ್ತಿದರು. ಒರಟು ಕಾಗದ, ಇಟ್ಟಿಗೆಯಷ್ಟು ದಪ್ಪ, ಓದಿ ಎಸೆಯುವ ಮಾಲು. ಪ್ರತಿ ಸಂಚಿಕೆಯೊಳಗೂ ಒಂದು ಕಾರ್ಡು. ಹಿಡಿಸಿದ ಮೂರು ಕಥೆಗಳನ್ನು ಹುಡುಗರು ಅದರಲ್ಲಿ ಗುರುತಿಸಿ ಅಂಚೆಗೆ ಹಾಕಬೇಕು. ಹಿಂದೆ ಬೀಳುವ ಕಥೆಯನ್ನು ಮುಲಾಜಿಲ್ಲದೆ ನಿಲ್ಲಿಸುತ್ತಾರೆ. ಕ್ರೂರ ಪದ್ಧತಿ, ಒಪ್ಪುತ್ತೇನೆ. ಆದರೆ ಹುಡುಗರಿಗೆ ಏನು ಬೇಕೆಂದು ಹುಡುಗರನ್ನೇ ಕೇಳುವ ಮರ್ಯಾದೆ ಅದರಲ್ಲಿದೆ. ನಮ್ಮವರಲ್ಲಿ ಆ ಮರ್ಯಾದೆ ನಾನು ಕಂಡಿಲ್ಲ.

ಭಾನುವಾರ ಪಕ್ಕದೂರು ಪ್ಲೇನೋದ ಸಭಾಂಗಣವೊಂದರಲ್ಲಿ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಕಾಗುಣಿತಕ್ಕೆ ಮಕ್ಕಳು ಆಕಳಿಸುತ್ತಿದ್ದರು. ನಾವೂ ಅಂಥದ್ದೊಂದು ಕಾಮಿಕ್ಸ್ ಪತ್ರಿಕೆ ಮಾಡೋಣ ಎಂದೆ. ಮಕ್ಕಳೇ ಬರೆಯುವುದು, ಕಾರ್ಡಿನಲ್ಲಿ ಮಕ್ಕಳೇ ಆರಿಸುವುದು, ಕಡೆಗೆ ಬಂದ ಕಥೆ ನಿಲ್ಲುವುದು. ಪಾಲಕರು ಚಪ್ಪಾಳೆ ತಟ್ಟಿದರು.

ಮಗಳ ಕಥೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಹಿಮ ಬಿದ್ದು ಊರಿಗೆಲ್ಲ ಕರೆಂಟು ಹೋದಾಗ ಈಕೆ ಲಟ್ಟಣಿಗೆ ಹಿಡಿದು ಮಂಜಿನ ರಾಕ್ಷಸನನ್ನು ನಾವಿರುವ ಮರ್ಫಿ ಊರಿನ ಬೀದಿಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುತ್ತಾಳೆ. ಅಜ್ಜಿಯ ಮಾತಿಗಾಗಿ ಮಗಳು ಹುಬ್ಬಳ್ಳಿಯಲ್ಲಿರುವ ನನ್ನ ಅಮ್ಮನಿಗೆ ತಾನೇ ಫೋನ್ ಮಾಡಿದಳು.

“ಅಜ್ಜಿ, ಸಿಟ್ಟು ಬಂದ್ರ ನೀ ಏನಂತಿ?”

“ಏ ಭಾಡ್ಯಾ, ನಿಂದರಲೇ ಅಂತೀನವಾ!”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮಗಳ ಬಾಯಲ್ಲಿ ಪೂರ್ತಿ ಒಂದು ಕನ್ನಡ ವಾಕ್ಯ ಕೇಳಿ ಎಷ್ಟು ವರ್ಷವಾಗಿತ್ತೋ. ನನಗೆ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ. ಆಮೇಲೆ ವಾರಕ್ಕೆರಡು ಸಲ ಫೋನು ಶುರುವಾಯಿತು.

ಮೊದಲ ಸಂಚಿಕೆ ಹಂಚಿದ ದಿನ ಕ್ಲಾಸಿನ ತುಂಬ “ನಿಂದರಲೇ!” ಎಂಬ ಕೂಗು. ಸ್ಕೇಲುಗಳೆಲ್ಲ ಲಟ್ಟಣಿಗೆಗಳಾದವು. ಕಾರ್ಡುಗಳನ್ನು ಮನೆಗೆ ಕಳಿಸಿದೆ.

ಮುಂದಿನ ಭಾನುವಾರ ಅವು ವಾಪಸು ಬಂದವು. ‘ಅ’ ಬರೆಯಲು ಒದ್ದಾಡುವ ಮಕ್ಕಳ ಕಾರ್ಡಿನಲ್ಲಿ ಮುತ್ತಿನಂಥ ಒತ್ತಕ್ಷರ! ಆಮೆ ಮತ್ತು ಮೊಲದ ಹಳೇ ನೀತಿಕಥೆಗೆ ಮೊದಲ ಸ್ಥಾನ. ಅಜ್ಜಿ ಕಟ್ಟಕಡೆಗೆ. ಒಂದರಲ್ಲಿ “ನೀತಿ ಇಲ್ಲ” ಎಂಬ ಷರಾ, ಇನ್ನೊಂದರಲ್ಲಿ “ಭಾಷೆ ಒರಟು.”

“ಇದನ್ನ ಮಕ್ಕಳು ತುಂಬಬೇಕಿತ್ತಲ್ರಿ?” ಎಂದು ಪಾಲಕರ ಸಮಿತಿ ನಡೆಸುತ್ತಿದ್ದ ತಾಯಿಯೊಬ್ಬರನ್ನು ಕೇಳಿದೆ. ಅವರು ಬೆಂಗಳೂರಿನವರು.

“ಅಯ್ಯೋ, ಅವಕ್ಕೇನ್ ಗೊತ್ತಾಗತ್ತೆ ಸರ್? ನಮ್ಮೋಳು ಆ ಅಜ್ಜಿಗೇ ಹಾಕ್ತೀನಿ ಅಂತ ಒಂದೇ ಹಠ. ನಾನೇ ಕೂತ್ಕೊಂಡು ಕರೆಕ್ಟ್ ಮಾಡಿದೆ.”

ಹೆಮ್ಮೆಯಿಂದ ನಗುತ್ತಾ ಹೇಳಿದರು. “ನಾಳೆ ನಮಗೆ ಮ್ಯಾಥ್ ಟೆಸ್ಟ್ ಇದೆ” ಎನ್ನುವ ಜನ ನಾವು. ಮಗುವಿನ ವಿಜ್ಞಾನ ಪ್ರಾಜೆಕ್ಟಿನ ಜ್ವಾಲಾಮುಖಿಗೆ ಅಪ್ಪ ಬಣ್ಣ ಬಳಿಯುತ್ತಾನೆ, ಬಹುಮಾನಕ್ಕೂ ಅವನೇ ಮೀಸೆ ತಿರುವುತ್ತಾನೆ. ಕಾರ್ಡೊಂದನ್ನು ಬಿಟ್ಟಾರೆಯೇ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಮತ್ತೆ ಇಲ್ಲೇ, ಕ್ಲಾಸಿನಲ್ಲೇ ಆರಿಸೋಣ ಎಂದೆ. “ರೂಲ್ ನೀವೇ ಮಾಡಿದ್ದಲ್ವಾ? ನಿಮ್ಮ ಮಗಳು ಅಂತ ಚೇಂಜ್ ಮಾಡಿದ್ರೆ ಚೆನ್ನಾಗಿರಲ್ಲ” ಎಂದರು. ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ.

ಕಾರಿನಲ್ಲಿ ಮಗಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಇದು ಮೋಸ, ನೀನು ಬರೆಯುತ್ತಾ ಹೋಗು ಎಂದೆ.

“ಇಟ್ಸ್ ಓಕೆ, ಅಪ್ಪಾ. ಲಾಸ್ಟ್ ಈಸ್ ಲಾಸ್ಟ್.”

ಜಪಾನಿನಲ್ಲಿ ಎಂತೆಂಥವರ ಕಥೆಗಳೋ ಹೀಗೆ ನಿಂತಿವೆ ಎಂದು ನನಗೇ ಸಮಾಧಾನ ಹೇಳಿದಳು, ಇಂಗ್ಲಿಷಿನಲ್ಲಿ. ಅಜ್ಜಿಯ ಹಾಳೆಗಳನ್ನು ಮತ್ತೆ ಮುಟ್ಟಲಿಲ್ಲ. ಆಮೆ ಮೊಲಗಳನ್ನು ಯಾವ ಮಗುವೂ ಓದಲಿಲ್ಲ, ಪತ್ರಿಕೆಯೂ ನಿಂತಿತು. ಯಾರೂ ಯಾಕೆಂದು ಕೇಳಲಿಲ್ಲ.

ಕೇಳಿದವಳು ಅಮ್ಮ ಒಬ್ಬಳೇ. ಎರಡು ವಾರ ಮೊಮ್ಮಗಳ ಫೋನು ಬರದೆ ತಾನೇ ಮಾಡಿದಳು. “ಮುಂದ ಏನಾತವಾ? ಆ ರಾಕ್ಷಸ ಸಿಕ್ಕನಿಲ್ಲೋ?”

“ಇಟ್ ಗಾಟ್ ಕ್ಯಾನ್ಸಲ್ಡ್, ಅಜ್ಜಿ.”

ಅಮ್ಮನಿಗೆ ತಿಳಿಯಲಿಲ್ಲ. “ಏನಂದಿ, ಕೂಸ?” ಎಂದು ಮತ್ತೆ ಕೇಳಿದಳು. ಮಗಳು ಫೋನನ್ನು ನನ್ನ ಕೈಗೆ ಕೊಟ್ಟು, “ಯೂ ಟೆಲ್ ಹರ್” ಎಂದು ಮಹಡಿ ಹತ್ತಿ ಹೋದಳು.