ಕ್ಯಾಮೆರಾ ಎಂಬ ಕೋಣೆ

ಇವತ್ತು ಬೆಳಿಗ್ಗೆ ತುಮಕೂರಿನ ನಮ್ಮ ಮನೆಯ ಗೋಡೆಗೆ ಡ್ರಿಲ್ಲಿಂಗ್ ಮೆಷಿನ್ನು ಇಟ್ಟಿದ್ದೇ ತಡ, ಸಿಮೆಂಟು ದೂಳಿನ ವಾಸನೆ ಅಡುಗೆಮನೆಯವರೆಗೂ ಬಂತು. ಇಮ್ತಿಯಾಜ್ ಅನ್ನುವವರು ಕ್ಯಾಮೆರಾ ಹಾಕಲು ಬಂದಿದ್ದರು. ಅವರು ಅಂಗಡಿಗಳಿಗೆ ಹಾಕುವವರು, ಮನೆಗೆ ಅಂತ ಕರೆದವರಲ್ಲಿ ನಾವೇ ಮೊದಲಿಗರಂತೆ. ಕಳ್ಳರ ಭಯಕ್ಕಲ್ಲ, ಕದಿಯುವಂಥದ್ದು ನಮ್ಮಲ್ಲಿ ಏನಿದೆ? ನಮ್ಮತ್ತೆಯ ಕೋಣೆಗೆ. ಹೋದ ತಿಂಗಳು ಅವರು ಬಚ್ಚಲಲ್ಲಿ ಜಾರಿ ಮೊಣಕಾಲು ಊದಿಸಿಕೊಂಡರು. ಮಧ್ಯಾಹ್ನ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುವುದು ಅವರ ಅಭ್ಯಾಸ. ಒಳಗೆ ಬಿದ್ದರೆ ಗೊತ್ತಾಗುವುದು ಹೇಗೆ ಅನ್ನುವುದು ನನ್ನ ಗಂಡನ ಚಿಂತೆ. ಚಿಲಕ ತೆಗೆಸಲು ಅತ್ತೆ ಒಪ್ಪಲಿಲ್ಲ. ಸರಿ, ಚಿಲಕವೂ ಇರಲಿ, ಕ್ಯಾಮೆರಾನೂ ಇರಲಿ ಅಂತ ತೀರ್ಮಾನವಾಯಿತು. ತೀರ್ಮಾನ ಮಾಡಿದವರು ನಾವಿಬ್ಬರು. ಅತ್ತೆಯನ್ನು ಯಾರೂ ಕೇಳಿರಲಿಲ್ಲ.

"ನಿಮ್ ಹಾಲ್ ಟೀವಿಲೇ ಬರುತ್ತೆ ಮೇಡಂ. ರಿಮೋಟ್ ಒತ್ತಿದ್ರೆ ಅಜ್ಜಿ ಕಮ್ರಾ ಪೂರ್ತಿ ಕಾಣುತ್ತೆ," ಅಂದರು ಇಮ್ತಿಯಾಜ್.

"ಏನು ಕಾಣುತ್ತೆ?"

"ಕಮ್ರಾ ಮೇಡಂ, ರೂಮು. ನಮ್ಮನೇಲಿ ಹಂಗಂತೀವಿ."

ಕಮ್ರಾದೊಳಗೆ ಕ್ಯಾಮೆರಾ. ಕೇಳಿದ ಕೂಡಲೇ ನನಗೆ ನಮ್ಮ ಶಾಲೆಯ ಸಿಸ್ಟರ್ ನೆನಪಾದರು. ನಾನು ಸಮಾಜ ಪಾಠ ಹೇಳುವ ಕಾನ್ವೆಂಟಿಗೆ ಹಿಂದೆ ಅವರು ಹೆಡ್‌ಮಿಸ್. ಮಂಗಳೂರು ಕಡೆಯವರು, ರೋಮಿನಲ್ಲಿ ಕೆಲವು ವರ್ಷ ಓದಿ ಬಂದವರು. ಅಲ್ಲಿಗೆ ಹೋದ ಹೊಸದರಲ್ಲಿ ಬೀದಿಗೊಂದು ಮನೆಯ ಮುಂದೆ ಕ್ಯಾಮೆರಾ ಬಾಡಿಗೆಗಿದೆ ಅಂತ ಬೋರ್ಡು ನೋಡಿ, ಈ ಜನಕ್ಕೆ ಫೋಟೋದ ಹುಚ್ಚು ಬಹಳ ಅಂದುಕೊಂಡರಂತೆ. ಆಮೇಲೆ ತಿಳಿಯಿತು, ಇಟಲಿಯಲ್ಲಿ ಕ್ಯಾಮೆರಾ ಅಂದರೆ ಕೋಣೆ. ಹಳೆಯ ಲ್ಯಾಟಿನ್ನಿನಲ್ಲಿ ಕಮಾನು ಚಾವಣಿಯ ಕೋಣೆಗೆ ಹಾಗೆ ಹೆಸರಿತ್ತು. ಆ ಮಾತು ಒಂದೊಂದು ದೇಶಕ್ಕೆ ಹೋಗಿ ಒಂದೊಂದು ವೇಷ ಹಾಕಿತು. ಫ್ರೆಂಚರಲ್ಲಿ ಅದು ಮಲಗುವ ಕೋಣೆ. ಜರ್ಮನರಲ್ಲಿ ಇಕ್ಕಟ್ಟಾಗಿ, ದವಸ ಧಾನ್ಯ ಇಡುವ ಸಣ್ಣ ಕೋಣೆಯೂ ಆಯಿತು. ಪೋರ್ಚುಗೀಸರಲ್ಲಿ ಬೆಳೆದು ಬೆಳೆದು ಪುರಸಭೆಯೇ ಆಗಿಬಿಟ್ಟಿತು. ಒಳಗೆ ಏನು ನಡೆಯುತ್ತದೆ ಅಂತ ಹೊರಗಿನವರಿಗೆ ಕಾಣದ ಜಾಗ ಅನ್ನುವುದಾದರೆ ಈ ಅರ್ಥ ನಮ್ಮ ಕಡೆಗೂ ಒಪ್ಪುತ್ತದೆ. ಆ ಪೋರ್ಚುಗೀಸರೇ ಈ ಮಾತನ್ನು ಹಡಗಿನಲ್ಲಿ ತಂದು ಇಲ್ಲಿ ಇಳಿಸಿದ್ದು, ಇಮ್ತಿಯಾಜ್ ಮನೆಯ ಕಮ್ರಾ ಆಗಿದ್ದು.

ಇಂಗ್ಲಿಷಿನವರದು ಬೇರೆಯೇ ಕಥೆ. ಕತ್ತಲೆ ಕೋಣೆಯ ಗೋಡೆಗೆ ಸಣ್ಣ ತೂತು ಕೊರೆದರೆ ಹೊರಗಿನ ಚಿತ್ರ ಒಳಗೆ ಬೀಳುತ್ತದಲ್ಲ, ಅದನ್ನು ಲ್ಯಾಟಿನ್ನಿನಲ್ಲಿ ಕ್ಯಾಮೆರಾ ಅಬ್‌ಸ್ಕ್ಯೂರಾ, ಅಂದರೆ ಕತ್ತಲೆ ಕೋಣೆ ಅನ್ನುತ್ತಿದ್ದರು. ಬರುಬರುತ್ತಾ ಹೆಸರಿನಿಂದ ಕತ್ತಲೆ ಬಿಟ್ಟುಹೋಯಿತು, ಕೋಣೆಯೂ ಕುಗ್ಗಿ ಕೈಯಲ್ಲಿ ಹಿಡಿಯುವ ಡಬ್ಬಿಯಾಯಿತು. ಆದರೆ ಅವರ ಕೋರ್ಟುಗಳು ಮಾತ್ರ ಹಳೆಯ ಅರ್ಥ ಬಿಟ್ಟಿಲ್ಲ. ಪೇಪರಿನಲ್ಲಿ ಇನ್-ಕ್ಯಾಮೆರಾ ವಿಚಾರಣೆ ಅಂತ ಬಂದರೆ ಬಾಗಿಲು ಮುಚ್ಚಿದ್ದಾರೆ, ಒಂದು ಕ್ಯಾಮೆರಾವೂ ಒಳಗೆ ಬರುವಂತಿಲ್ಲ ಅಂತ ತಿಳಿಯಬೇಕು. ಇನ್ನು ಸ್ಪೇನಿನಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಸಿಪಾಯಿಗಳಿಗೆ ಇಟ್ಟ ಹೆಸರೇ ಮುಂದೆ ಕಾಮ್ರೇಡ್ ಆಯಿತಂತೆ. ನನ್ನ ಗಂಡ ನೌಕರರ ಯೂನಿಯನ್ನಿನಲ್ಲಿ ಎಲ್ಲರಿಗೂ ಕಾಮ್ರೇಡ್. ಮದುವೆಯಾದ ಮೊದಲ ವರ್ಷ ನನ್ನೊಬ್ಬಳಿಗೆ ಮಾತ್ರ ಆಗಿರಲಿಲ್ಲ. ಅದನ್ನು ಹೇಳಬೇಕಾದರೆ ಕುಣಿಗಲ್ಲಿಗೆ ಹೋಗಬೇಕು.

ತೊಂಬತ್ತರ ದಶಕದ ಕೊನೆ. ಗುಬ್ಬಿಯ ತವರಿನಿಂದ ನನ್ನ ಜೊತೆ ಒಂದು ಟೆಂಪೋದ ತುಂಬ ಸಾಮಾನು ಕುಣಿಗಲ್ಲಿನ ಅತ್ತೆಮನೆಗೆ ಬಂತು. ಡಬಲ್ ಮಂಚ, ಹಾಸಿಗೆ, ಬೀರು, ಡ್ರೆಸ್ಸಿಂಗ್ ಟೇಬಲ್ಲು, ಟೀವಿ. ಮನೆಯಲ್ಲಿ ಚಿಲಕವಿದ್ದ ಕೋಣೆ ಒಂದೇ. ಸಾಮಾನೆಲ್ಲ ಅದರೊಳಗೆ ಹೋಯಿತು, ನಾವಿಬ್ಬರು ಹೋಗಲಿಲ್ಲ. ನಮ್ಮ ಮಾವ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ರಿಟೈರಾದವರು. ಹಾಸಿಗೆಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ತೆಗೆಯಲು ಬಿಡದೆ ಕೋಣೆಗೆ ಬೀಗ ಹಾಕಿ ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡರು.

"ನೆಂಟರೆಲ್ಲಾ ನೋಡ್ಕೊಂಡ್ ಹೋಗ್ಲಿ. ಪ್ಲಾಸ್ಟಿಕ್ ತೆಗೆದ್ರೆ ಹಳೇದಾಗೋಗುತ್ತೆ," ಅಂದರು.

ನೆಂಟರು ಮುಗಿಯುವ ಜಾತಿಯಲ್ಲ. ಯಡಿಯೂರಿಗೆ ದೇವರ ದರ್ಶನಕ್ಕೆ ಬಂದವರೆಲ್ಲ ಹಿಂದಿರುಗುವಾಗ ನಮ್ಮ ಮನೆಗೂ ಬರುತ್ತಿದ್ದರು. ಮಾವ ಬೀಗ ತೆಗೆದು, ಟ್ಯೂಬ್‌ಲೈಟು ಹಾಕಿ, ಬಾಗಿಲ ಪಕ್ಕ ನಿಂತು ಹೇಳುತ್ತಿದ್ದರು: "ಗುಬ್ಬಿಯವ್ರು ಕೊಟ್ಟಿದ್ದು. ನಾವೇನೂ ಬಾಯ್ಬಿಟ್ಟು ಕೇಳ್ಳಿಲ್ಲ." ಬಂದವರು ಹಾಸಿಗೆಯನ್ನು ಒತ್ತಿ ನೋಡುತ್ತಿದ್ದರು, ಪ್ಲಾಸ್ಟಿಕ್ಕು ಪರಪರ ಅನ್ನುತ್ತಿತ್ತು. ಆಮೇಲೆ ಬಾಡಿಗೆ ವಿಸಿಪಿಯಲ್ಲಿ ಮದುವೆ ಕ್ಯಾಸೆಟ್ಟು. ತಾಳಿ ಕಟ್ಟುವಾಗ ನನ್ನ ತಲೆಯ ಸುತ್ತ ಗುಲಾಬಿ ಹೂವು ಗಿರಗಿರ ತಿರುಗುವಂತೆ ಮಾಡಿದ್ದರು. ಹೆಂಗಸರು ಒಮ್ಮೆ ಟೀವಿಯನ್ನು, ಒಮ್ಮೆ ಕಾಫಿ ಲೋಟ ಹಿಡಿದು ನಿಂತ ನನ್ನನ್ನು ನೋಡಿ, ಟೀವಿಯಲ್ಲೇ ಚೆನ್ನಾಗಿದ್ದಾಳೆ ಅನ್ನುತ್ತಿದ್ದರು.

ನಾನು ಅತ್ತೆಯ ಜೊತೆ ಅಡುಗೆಮನೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ, ಗಂಡ ಹಾಲಿನಲ್ಲಿ ಮಾವನ ಜೊತೆ. ಹೊಸದಾಗಿ ಮದುವೆಯಾದವರಿಗೆ ಆಷಾಢ ಒಂದು ತಿಂಗಳು, ನಮಗೆ ವರ್ಷವೆಲ್ಲ ಆಷಾಢ. ಗಂಡನಿಗೆ ಹೇಳಿದೆ. ಸಾವಿರ ಜನರ ಮುಂದೆ ಮೈಕು ಹಿಡಿದು ಮ್ಯಾನೇಜ್‌ಮೆಂಟಿಗೆ ಬೆವರಿಳಿಸುವ ಕಾಮ್ರೇಡ್, "ಅಪ್ಪನ್ನ ಹೆಂಗ್ ಕೇಳೋದು ಕಣೇ," ಅಂದ. ನನಗೆ ಅಳು ಬಂತು. ಸಿಟ್ಟೂ ಬಂತು. ನನ್ನಪ್ಪ ಸಾಲಸೋಲ ಮಾಡಿ ಕೊಟ್ಟ ಮಂಚದ ಮೇಲೆ ಮಲಗುವ ಯೋಗ ಪ್ಲಾಸ್ಟಿಕ್ಕಿಗಿದೆ, ನನಗಿಲ್ಲ.

ಒಂದು ಮಧ್ಯಾಹ್ನ ಬೆಳ್ಳಾವಿ ಕಡೆಯ ನೆಂಟರು ಬಂದರು. ಮಾವ ನಿದ್ದೆಯಿಂದೆದ್ದು ಸೊಂಟ ತಡವಿದರೆ ಕೀಲಿಕೈ ಇಲ್ಲ. ಹೋಗಿ ನೋಡಿದರೆ ಬೀಗ ತೆಗೆದಿದೆ, ಬಾಗಿಲಿಗೆ ಒಳಗಿನಿಂದ ಚಿಲಕ. ಮನೆಯಲ್ಲಿ ಅತ್ತೆ ಕಾಣುತ್ತಿಲ್ಲ. ಬಾಗಿಲು ತಟ್ಟಿದೆವು, ಕೂಗಿದೆವು. ಉತ್ತರವಿಲ್ಲ. ಎದೆನೋವು ಬಂದಿರಬೇಕು ಅಂತ ಒಬ್ಬರು ಅಂದರು. ಅತ್ತೆ ಸೊಸೆಗೆ ಏನಾದರೂ ಮಾತು ಬಂದಿತ್ತಾ ಅಂತ ಇನ್ನೊಬ್ಬರು ಕೇಳಿದರು, ಅಷ್ಟೂ ಜನ ನನ್ನ ಕಡೆ ತಿರುಗಿದರು. ಗಂಡ ಬಾಗಿಲಿಗೆ ಭುಜ ಕೊಟ್ಟು ನಿಂತ. ಮಾವ ನಡುಗುವ ದನಿಯಲ್ಲಿ, "ತಡಿಯೋ, ತೇಗದ್ ಬಾಗ್ಲು ಕಣೋ," ಅಂದರು.

ಆಗ ಚಿಲಕ ಸರಿಯಿತು. ಅತ್ತೆ ಹೊರಗೆ ಬಂದರು. ಕೆನ್ನೆಯ ಮೇಲೆ ದಿಂಬಿನ ಗೆರೆ, ತುರುಬು ಬಿಚ್ಚಿದೆ. ಹಿಂದೆ ನೋಡಿದರೆ ಪ್ಲಾಸ್ಟಿಕ್ಕು ಉಂಡೆಯಾಗಿ ನೆಲದ ಮೇಲೆ ಬಿದ್ದಿದೆ.

"ಏನಾಯ್ತೇ ನಿಂಗೆ?" ಅಂದರು ಮಾವ.

"ಏನಾಗ್ಬೇಕು? ಮನಿಕ್ಕಂಡಿದ್ದೆ. ಈ ಮನೇಗ್ ಬಂದಾಗಿಂದ ಒಂದ್ ದಿನ ಬಾಗ್ಲಾಕ್ಕಂಡು ಕುಂತಿಲ್ಲ. ಮಕ್ಳು ಹೆತ್ತಿದ್ದೂ ಅಡ್ಗೆಮನೆ ಮಗ್ಗುಲಲ್ಲೇಯ. ಹೆಂಗಿರ್ತದೆ ನೋಡಾಣ ಅಂತ ಹೋದೆ."

"ಹೆಂಗಿತ್ತು?" ಅಂತ ಕೇಳಿದ್ದು ಬೆಳ್ಳಾವಿಯ ಮುದುಕಿಯೊಬ್ಬರು. ಅವರ ದನಿಯಲ್ಲಿ ಹಾಸ್ಯವಿರಲಿಲ್ಲ.

"ಯಾರೂ ಕಾಣಕ್ಕಿಲ್ಲ ಕಣಕ್ಕ. ಅಷ್ಟೇಯ. ಸಂದಾಗಿರ್ತದೆ."

ಅತ್ತೆ ಕೀಲಿಕೈಯನ್ನು ನನ್ನ ಕೈಯಲ್ಲಿಟ್ಟರು. "ತಗಾ. ರಾತ್ರಿ ನೀವಿಬ್ರು ಇರಿ. ಮದ್ಯಾನ ನಂದು." ಬಂದವರಿಗೆ ಏನು ತೋರಿಸುವುದು ಅಂತ ಮಾವ ಗೊಣಗಿದರು. "ಕಾಫಿ ಕೊಡಾಣ ಬುಡಿ," ಅಂದು ಅತ್ತೆ ಒಲೆಯ ಕಡೆ ಹೋದರು. ಅವತ್ತಿನಿಂದ ಆ ಕೋಣೆ ರಾತ್ರಿ ಫ್ರಾನ್ಸಿಗೆ ಸೇರಿತು, ಮಧ್ಯಾಹ್ನ ಕುಣಿಗಲ್ಲಿಗೆ. ನನ್ನ ಗಂಡ ಕೊನೆಗೂ ಕಾಮ್ರೇಡ್ ಆದ.

ಮಾವ ಹೋದ ಮೇಲೆ ತುಮಕೂರಿಗೆ ಬಂದೆವು. ಇಲ್ಲಿ ಅತ್ತೆಗೆ ಅಂತಲೇ ಒಂದು ಕೋಣೆ, ಮಧ್ಯಾಹ್ನದ ಚಿಲಕ ತಪ್ಪಿದ್ದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಈ ಕ್ಯಾಮೆರಾಕ್ಕೆ ತಲೆಯಾಡಿಸಿದ್ದೆ. ವಯಸ್ಸಾದವರ ಕ್ಷೇಮ ಅಂತ ಹೆಸರಿಟ್ಟರೆ ಎಂಥದ್ದಕ್ಕೂ ತಲೆ ತಾನೇ ಆಡುತ್ತದೆ ನೋಡಿ.

ಇಮ್ತಿಯಾಜ್ ಏಣಿಯ ಮೇಲೆ ನಿಂತು ಕೊನೆಯ ಸ್ಕ್ರೂ ಬಿಗಿಯುತ್ತಿದ್ದಾಗ ಅತ್ತೆ ಮಂಚದ ಮೇಲಿನಿಂದ ಕೇಳಿದರು: "ಏನಪ್ಪಾ, ನಾನು ಬಾಗ್ಲಾಕ್ಕಂಡ್ರೂ ಇದ್ರಲ್ಲಿ ಕಾಣ್ತೀನಾ?"

"ಕಾಣ್ತೀರಾ ಅಜ್ಜಿ, ಅದಕ್ಕೇ ಅಲ್ವಾ ಹಾಕೋದು. ಟೀವಿಲಿ ನೀಟಾಗ್ ಬರ್ತೀರಾ."

"ಹಂಗಾರೆ ಬಾಗ್ಲು ಯಾಕಿರ್ಬೇಕು? ಅದ್ನೂ ಬಿಚ್ಕಂಡ್ ಹೋಗು."

ಇಮ್ತಿಯಾಜ್ ನನ್ನ ಮುಖ ನೋಡಿದರು. ನಾನು ಗಂಡನ ಮುಖ ನೋಡಿದೆ. "ಬಿದ್ರೆ ಯಾರಿಗಮ್ಮ ಗೊತ್ತಾಗುತ್ತೆ, ಹೆದ್ರಿಕೆ ಆಗುತ್ತೆ ನನಗೆ," ಅಂದ ಅವನು. ಆ ಹೆದರಿಕೆ ಸುಳ್ಳಲ್ಲ, ಅವನ ಕಣ್ಣು ತುಂಬಿತ್ತು.

"ಕ್ಯಾಮೆರಾ ಬಿಚ್ಚಿಬಿಡಿ. ಮಂಚದ ಪಕ್ಕ ಕೈಗೆ ಸಿಗೋ ಹಾಗೆ ಒಂದು ಕಾಲಿಂಗ್ ಬೆಲ್ ಹಾಕಿ, ಸಾಕು," ಅಂದೆ ನಾನು. ಗಂಡ ಹೋಗಿ ಏಣಿ ಹಿಡಿದುಕೊಂಡ.

ಮಧ್ಯಾಹ್ನ ಊಟವಾಯಿತು. ಚಿಲಕ ಹಾಕಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಗಂಡ ಮೆಲ್ಲಗೆ ಹೋಗಿ ಬಾಗಿಲಿನ ಹೊರಗೆ ನಿಂತ. ಒಳಗಿನಿಂದ ಬೆಲ್ಲೂ ಇಲ್ಲ, ಸದ್ದೂ ಇಲ್ಲ.

"ಅಮ್ಮಾ, ಹುಷಾರಾಗಿದ್ದೀಯಾ?"

"ಇದೀನಿ, ಹೋಗ್ಲಾ."

ಅವನು ನಗುತ್ತಾ ಬಂದು ನನ್ನ ಪಕ್ಕ ಕುಳಿತುಕೊಂಡ.