ದೇವರ ಸೌದೆ, ಆಕಾಶಗಂಗೆಯ ಒಲೆ

ತಂಬಾಕಿನ ಎಲೆ ಒಣಗಿಸುವ ಬ್ಯಾರನ್ನಿನ ಕಿಂಡಿಯಲ್ಲಿ ತೂಗುಹಾಕಿದ್ದ ಥರ್ಮಾಮೀಟರಿನ ಪಾದರಸ ಇಳಿಯುತ್ತಿತ್ತು. ಸಾಕಮ್ಮ ಅದನ್ನೇ ನೋಡುತ್ತಿದ್ದಳು, ನಾನು ಸಾಕಮ್ಮನನ್ನು.

ವೀರನಹೊಸಹಳ್ಳಿಯ ಕಡೆಯ ನಮ್ಮ ಊರಿನಲ್ಲಿ ಶ್ರಾವಣ ಕಳೆಯುತ್ತಿದ್ದಂತೆ ತಂಬಾಕು ಬೇಯಿಸುವ ಭರಾಟೆ. (ಅದರ ಗುಣದೋಷಗಳನ್ನು ನಾನು ಬಲ್ಲೆ, ಸಾಕಮ್ಮನ ಮನೆ ನಡೆಯುವುದು ಅದರಿಂದಲೇ.) ಅರ್ಚಕನಾದ ನಾನು ಬೆಳಗಿನ ಪೂಜೆ ಮುಗಿಸಿ, ದೇವಸ್ಥಾನದ ಪಕ್ಕದ ಆಕೆಯ ಬ್ಯಾರನ್ನಿಗೆ ತೀರ್ಥ ಕೊಡಲು ಹೋಗಿದ್ದೆ. ಒಳಗೆ ಎಲೆಗೆ ಬಣ್ಣ ಬಂದಿತ್ತು, ಇನ್ನು ಒಣಗಬೇಕಿತ್ತು. ಈಗ ಶಾಖ ಇಳಿದರೆ ಎಲೆಯೆಲ್ಲ ಕಪ್ಪು, ವರ್ಷದ ದುಡಿಮೆ ಮಣ್ಣು. ಸೌದೆ ತರುತ್ತಿದ್ದ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತಿದೆಯೆಂದು ಫೋನು ಬಂದಿತ್ತು.

ಅಂಗಳದಲ್ಲಿ ರಾಶಿ ಇದೆಯಲ್ಲ, ಎಂದೆ.

"ಅದು ನೆಂದೋಗ್ಬುಟ್ಟದೆ ಸ್ವಾಮಿ. ಆಕುದ್ರೆ ಒಗೆ ಬತ್ತದೆ, ಅಷ್ಟೇಯ."

ಹುಣಸೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವ ಸಾಕಮ್ಮನ ಮಗಳು ರೇಣುಕಾ ಉಳಿದಿದ್ದ ಒಂದೇ ಒಣಕೊರಡನ್ನು ಒಲೆಯ ಬಾಯಿಗೆ ತಳ್ಳಿದಳು. "ನಮ್ಮ ಆಕಾಶಗಂಗೇನೂ ಇಂಗೇ ಸ್ವಾಮಿ. ಹೊಸ ನಕ್ಷತ್ರ ಹುಟ್ಟೋಕೆ ಒಳಗಿರೋ ಗ್ಯಾಸು ಸಾಲಲ್ಲ. ಹೊರಗಿಂದ ಬತ್ತಾನೇ ಇರ್ಬೇಕು."

ನಕ್ಷತ್ರಸೃಷ್ಟಿ ಎಂದೋ ಮುಗಿದ ಕಾರ್ಯವೆಂದು ನಂಬಿದ್ದವನು ನಾನು. ಅವಳು ಥರ್ಮಾಮೀಟರಿನಿಂದ ಕಣ್ಣು ಕೀಳದೆಯೇ ವಿವರಿಸಿದಳು. ನಕ್ಷತ್ರಗಳು ಇಂದಿಗೂ ಹುಟ್ಟುತ್ತಿವೆ. ಅನಿಲವೇ ಅವುಗಳಿಗೆ ಸೌದೆ. ಗ್ಯಾಲಕ್ಸಿಯ ಸುತ್ತ ಬಿಸಿ ಅನಿಲ ಹೇರಳವಾಗಿರಬಹುದು, ಆದರೆ ಅದು ತಣಿದು ಒಳಗಿಳಿಯುವವರೆಗೆ ನೆಂದ ಸೌದೆಯಷ್ಟೇ ಪ್ರಯೋಜನ. ಬರುವುದು ನಿಂತರೆ? ಗ್ಯಾಲಕ್ಸಿ ಒಮ್ಮೆಲೇ ಆರುವುದಿಲ್ಲವಂತೆ. ಹಳೆಯ ನಕ್ಷತ್ರಗಳು ಕೆಂಪಗೆ ಬೆಳಗುತ್ತಲೇ ಇರುತ್ತವೆ. ಹೊಸದು ಹುಟ್ಟುವುದಿಲ್ಲ, ಅಷ್ಟೆ.

ಆ 'ಅಷ್ಟೆ' ನನ್ನನ್ನು ಚುಚ್ಚಿತು.

ದೇವಸ್ಥಾನದ ಸೌದೆಮನೆಯಲ್ಲಿ ಕಾರ್ತಿಕದ ಅನ್ನಸಂತರ್ಪಣೆಗೆಂದು ಒಟ್ಟಿದ ಒಣಸೌದೆ ಇತ್ತು. ಅದು ಮೂವರಿಗೂ ಗೊತ್ತು. ಯಾರೂ ಆ ಕಡೆ ನೋಡಲಿಲ್ಲ. ದೇವರದ್ದನ್ನು ತಂಬಾಕಿಗೆ ಉರಿಸುವುದೇ? ಶಾಸ್ತ್ರ ಏನೆನ್ನುತ್ತದೆಂದು ನಾನು ನೆನೆಯುತ್ತಿರುವಾಗಲೇ ಪಾದರಸ ಮತ್ತೊಂದು ಗೆರೆ ಇಳಿಯಿತು.

ಸೊಂಟದಿಂದ ಬೀಗದ ಕೈ ತೆಗೆದೆ.

"ದೇವ್ರ ಸೌದೆ ಬ್ಯಾಡ ಬುಡಿ ಸ್ವಾಮಿ," ಸಾಕಮ್ಮ ಅಡ್ಡ ಬಂದಳು. "ಪಾಪ ಸುತ್ಕತ್ತದೆ."

"ಸುತ್ತಿಕೊಂಡರೆ ನನಗೆ ಸುತ್ತಿಕೊಳ್ಳಲಿ ಕಣಮ್ಮ. ನೀನು ಹೊರೆ ಕಟ್ಟು."

ಸಂಜೆಗೆ ಟ್ರ್ಯಾಕ್ಟರ್ ಬಂತು. ಅಷ್ಟರವರೆಗೆ ದೇವರ ಸೌದೆ ಉರಿಯಿತು. ಎಲೆ ಹೊನ್ನಿನ ಬಣ್ಣದಲ್ಲೇ ಉಳಿಯಿತು. ಧರ್ಮದರ್ಶಿಗಳು ಮಾತ್ರ ಕುಪಿತರಾದರು. ಸಂತರ್ಪಣೆಗೆ ಇನ್ನು ಸೌದೆ ಎಲ್ಲಿಂದ ಬರಬೇಕೆಂದು ಕೇಳಿದರು.

ಹೊರಗಿನಿಂದ, ಎಂದೆ. ಆಕಾಶಗಂಗೆಗೇ ಹೊರಗಿನಿಂದ ಬರುವಾಗ ನಮ್ಮ ಒಲೆಗೆ ಬಾರದೇ?