ನೀರಿಗೆ ಬೆನ್ನು ಮಾಡಿ ಕೂರುವವನು

ಮೊನ್ನೆ ಸೋಮವಾರ ಬೆಳಿಗ್ಗೆ ಬಾದಾಮಿಯ ನಮ್ಮ ಹೊಂಡದಲ್ಲಿ ನೀಲವ್ವ ನೀರಿಗೆ ಬಿದ್ದಳು.

ನೇಕಾರರ ಮನೆಯ ಹುಡುಗಿ. ನಾನು ಕಲಿಸುವ ಶಾಲೆಯಲ್ಲೇ ಓದುತ್ತಾಳೆ. ಅವ್ವನ ಜೊತೆ ಬಟ್ಟೆ ಒಗೆಯಲು ಬಂದವಳು, ತೇಲಿ ಹೋಗುತ್ತಿದ್ದ ಸೀರೆಯ ಸೆರಗು ಹಿಡಿಯಲೆಂದು ಪಾಚಿಗಟ್ಟಿದ ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟಳು... ಅಷ್ಟೇ.

ಮುಂದಿನದನ್ನು ಹೇಳುವ ಮೊದಲು ಹೊಂಡದ ಪದ್ಧತಿ ಹೇಳಬೇಕು.

ಬೆಳಗಿನ ಹೊತ್ತು ಮೆಟ್ಟಿಲು ಹೆಂಗಸರದು. ಬಿಸಿಲೇರಿದ ಮೇಲೆ ಗಂಡಸರದು. ಆದರೆ ಹೆಂಗಸರ ಹೊತ್ತಿನಲ್ಲೂ ಈಜು ಬಲ್ಲ ಒಬ್ಬ ಗಂಡಸು ಮೇಲಿನ ಕಟ್ಟೆಯ ಮೇಲೆ ನೀರಿಗೆ ಬೆನ್ನು ಮಾಡಿ ಕೂರಬೇಕು. ನೋಡುವಂತಿಲ್ಲ, ಕಿವಿಗೊಟ್ಟಿರಬೇಕು. ಯಾರಾದರೂ ಚೀರಿದರೆ ಹಾರಬೇಕು.

ಈಚಿನ ವರ್ಷಗಳಲ್ಲಿ ಹಾಗೆ ಕೂರುತ್ತಿದ್ದವನು ಸಿದ್ದಪ್ಪ. ಕುರಿ ಕಾಯುವವನು, ಬೀರಪ್ಪ ದೇವರ ಒಕ್ಕಲು. ಗೋಡೆಯ ಕಡೆ ಮುಖ ಮಾಡಿಕೊಂಡು ಉಣ್ಣೆ ನೂಲುತ್ತಿದ್ದ.

"ಏ ಸಿದ್ದಾ, ಮನ್ಯಾಗ ಹೇಂತೀಗೂ ಹಿಂಗ ಬೆನ್ನ ಮಾಡಿ ಕುಂದರ್ತೀಯೇನೋ?" ಎಂದು ಮುದುಕಿಯರು ಕಾಡಿಸುವರು.

"ಆಕಿನ್ನ ನೋಡೂದಕ್ಕಿಂತ ಗ್ವಾಡಿ ನೋಡೂದು ಚಲೋ ಬಿಡ ಯವ್ವಾ" ಎನ್ನುವನು. ಮೆಟ್ಟಿಲ ತುಂಬ ನಗೆ.

ಹೋದ ತಿಂಗಳು ಬೆಳಗಾವಿಯಿಂದ ನನ್ನ ಕಾನ್ವೆಂಟ್ ಗೆಳತಿ ಬಂದಿದ್ದಳು. ಹೊಂಡಕ್ಕೆ ಕರೆದುಕೊಂಡು ಹೋದೆ. ಆ ಗಂಡಸು ಇಲ್ಲಿ ಏನು ಮಾಡುತ್ತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ಮುಖ ಬಿಸಿಯಾಯಿತು.

ಅವಳು ಊರಿಗೆ ಹೋದ ಮೇಲೆ ಓಣಿಯ ಹಿರಿಯರ ಮೀಟಿಂಗಿನಲ್ಲಿ ಎದ್ದು ನಿಂತೆ. ಸ್ವಾತಂತ್ರ್ಯ ಬಂದ ಮೇಲೂ ಹೆಣ್ಣುಮಕ್ಕಳ ಸ್ನಾನದ ಜಾಗದಲ್ಲಿ ಒಬ್ಬ ಗಂಡಸು ಕೂರಬೇಕೇ ಎಂದು ಕೇಳಿದೆ. ಕಲಿತವಳ ಮಾತು ಎಂದು ಎಲ್ಲರೂ ಒಪ್ಪಿದರು.

ಬೋರ್ಡು ಬರೆಸಿದವಳೂ ನಾನೇ. ಹೆಂಗಸರ ವೇಳೆಯಲ್ಲಿ ಗಂಡಸರಿಗೆ ಪ್ರವೇಶವಿಲ್ಲ. ಬೆಂಡು ಕಟ್ಟದೆ ಮಕ್ಕಳನ್ನು ಈಜಲು ಬಿಡಬಾರದು. ಪಾಚಿಯ ಮೆಟ್ಟಿಲು ಇಳಿಯಬಾರದು. ಒಗೆಯಲು ಬರುವ ಹೆಂಗಸರಲ್ಲಿ ಓದು ಬಲ್ಲವರು ಎಷ್ಟು ಜನ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಸುಂದ್ರಾ ವೈನಿ, ಅಂದರೆ ನಮ್ಮ ಭಾವನವರ ಹೆಂಡತಿ, ಒಂದೇ ಮಾತು ಕೇಳಿದ್ದರು. "ಯಾಕವಾ, ಅವನ ಬೆನ್ನಿಗೆ ಕಣ್ಣ ಅದಾವೇನ?"

"ಪ್ರಶ್ನೆ ಅದಲ್ಲ ವೈನಿ" ಎಂದಿದ್ದೆ. ಹಾಗಾದರೆ ಯಾವುದು ಎಂದು ಅವರು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಮರುದಿನ ಎಲ್ಲರೆದುರು ಸಿದ್ದಪ್ಪನಿಗೆ, ಇನ್ನು ಬರಬೇಡ ಎಂದೆ. ಉಣ್ಣೆ ಬಗಲಿಗೆ ಹಾಕಿಕೊಂಡು ಎದ್ದು ಹೋದ.

ಈಗ ಸೋಮವಾರಕ್ಕೆ ಬರುತ್ತೇನೆ.

ನೀಲವ್ವನ ಅವ್ವ ಚೀರಿದಾಗ ನಾನು ಮೇಲಿನ ಮೆಟ್ಟಿಲಲ್ಲಿ ತಲೆ ಒರೆಸಿಕೊಳ್ಳುತ್ತಿದ್ದೆ. ಸುತ್ತ ಒದ್ದೆ ಸೀರೆಯ ಹೆಂಗಸರು. ಒಬ್ಬರಿಗೂ ಈಜು ಬರುವುದಿಲ್ಲ, ನನಗೂ. ಒಬ್ಬಳು ಸೀರೆ ಬೀಸಿ ಎಸೆಯುತ್ತಾಳೆ, ಅದು ಹುಡುಗಿಯವರೆಗೆ ಮುಟ್ಟುವುದಿಲ್ಲ. ನೀರಿನ ಮೇಲೆ ಬರೀ ಕೈ ಕಾಣುತ್ತಿದೆ.

ಗೋಡೆಯಾಚೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಸಿದ್ದಪ್ಪ ದನಿ ಕೇಳಿ ಓಡಿ ಬಂದ.

ನಾನು ಕೂಗಿದೆ. "ಅಲ್ಲೇ ನಿಂದ್ರು ಸಿದ್ದಪ್ಪಾ! ಹೆಣ್ಣಮಕ್ಕಳು ಇದ್ದಾರ!"

ಮುಳುಗುತ್ತಿರುವ ಹುಡುಗಿಯನ್ನು ನೋಡುತ್ತಲೇ ಕೂಗಿದೆ.

ಅವನು ನಿಂತುಬಿಟ್ಟ. ರೂಢಿಯಂತೆ ಬೆನ್ನು ತಿರುಗಿಸಿದ. ಗೋಡೆ ನೋಡುತ್ತ ಕೂಗುತ್ತಿದ್ದಾನೆ... "ಬರ್ಲೇನ್ರಿ ಅಕ್ಕೋರ? ಬರ್ಲೇನ್ರಿ?"

ನನ್ನ ಬಾಯಿ ತೆರೆದಿದೆ. ಬಾ ಎಂಬ ಒಂದಕ್ಷರ ಹೊರಡುತ್ತಿಲ್ಲ.

ನನ್ನ ಪಕ್ಕದಲ್ಲಿ ನಿಂತಿದ್ದ, ಪರಗಂಡಸರೆದುರು ಎಂದೂ ದನಿಯೆತ್ತದ ವೈನಿ ಚೀರಿದರು. "ಆಕಿನ್ನೇನ್ ಕೇಳ್ತೀಯೋ ಮೂಳಾ! ಹಾರೋ!"

ಹಾರಿದ. ಮುಳುಗಿ, ಎದ್ದು, ಮತ್ತೆ ಮುಳುಗಿ, ಜಡೆ ಹಿಡಿದು ಎಳೆದು ತಂದ. ಮೆಟ್ಟಿಲ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದ. ನೀರು ಬಂತು, ಕೆಮ್ಮು ಬಂತು, ಆಮೇಲೆ ಅಳು. ಅಲ್ಲಿಯವರೆಗೂ ನಾನು ಟವೆಲು ಹಿಡಿದುಕೊಂಡೇ ನಿಂತಿದ್ದೆ.

ಮಗಳನ್ನು ಎದೆಗವಚಿಕೊಂಡ ನೀಲವ್ವನ ಅವ್ವ ನನ್ನನ್ನು ನೋಡಿದಳು. "ಅಕ್ಕೋರ, ಹೆಣಾ ಆಗಿದ್ರ ಗಂಡಸರು ಎತ್ತಬಹುದಿತ್ತೇನ್ರಿ?"



ಸಂಜೆ ಸಿದ್ದಪ್ಪನ ಮನೆಗೆ ಹೋದೆ. ನಾಳೆಯಿಂದ ಮೊದಲಿನ ಹಾಗೆ ಬಂದು ಕೂರು ಎಂದೆ. ಅವನು ತಲೆಯೆತ್ತದೆ ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ.

"ಬರಬ್ಯಾಡ ಅನ್ನೂದನ್ನ ಎಲ್ಲಾರ ಮುಂದ ಹೇಳಿದ್ರಿ. ಬಾ ಅನ್ನೂದನ್ನ ಮನೀಗಿ ಬಂದು ಸಣ್ಣ ದನೀಲೆ ಹೇಳಾಕತ್ತೀರಲ್ರಿ?"

ಖರೆ ಮಾತು. ಮರುದಿನ ಮತ್ತೆ ಹಿರಿಯರನ್ನು ಕೂಡಿಸಿದೆ. ಬೋರ್ಡಿನ ಆ ಮೊದಲ ಸಾಲು ಅಳಿಸಬೇಕು, ಸಿದ್ದಪ್ಪ ಮೊದಲಿನಂತೆ ಕೂರಬೇಕು ಎಂದೆ.

"ಹುಡುಗಿ ಉಳೀತಲ್ರೀ, ಮತ್ತ ಈಗೇನಾತ್ರೀ ಅಕ್ಕೋರ? ನೀವ ಬರಿಸಿದ್ರಲ್ಲಾ?" ಎಂದರು ಒಬ್ಬರು.

ಮಳೆಯಾಗಿ ಪಾಚಿ ಹೆಚ್ಚಾಗಿದೆ ಎಂದೆ.

ಹೌದು, ಪಾಚಿ ಎಂದೆ. ಓಡಿ ಬಂದವನನ್ನು ತಡೆದವಳು ನಾನು ಎನ್ನಲಿಲ್ಲ. ಮೂಲೆಯಲ್ಲಿ ಕೂತಿದ್ದ ಸಿದ್ದಪ್ಪನೂ ಸುಮ್ಮನಿದ್ದ. ಅವನು ಬಾಯಿಬಿಡಲಿ ಎಂದು ಅನ್ನಿಸಿತ್ತು, ಬಿಡದಿರಲಿ ಎಂದೂ...

ಸಿದ್ದಪ್ಪ ಈಗ ಕಟ್ಟೆಯ ಮೇಲೆ ಕೂರುತ್ತಿದ್ದಾನೆ. ನೀಲವ್ವ ಶಾಲೆಗೆ ಬರುತ್ತಿದ್ದಾಳೆ. ನಾನು ಹಾಜರಿ ಕೂಗಿದಾಗ ತಲೆ ತಗ್ಗಿಸಿ ಓ ಎನ್ನುತ್ತಾಳೆ.

ಅಂದು ಹಿರಿಯರ ಮುಂದೆ ನುಂಗಿಕೊಂಡದ್ದನ್ನು ನಿಮ್ಮ ಮುಂದೆ ಬರೆದಿದ್ದೇನೆ. ನೀವೇ ಹೇಳಿ, ಅಲ್ಲೇ ನಿಂದ್ರು ಎಂದು ಕೂಗಿದಾಗ ನಾನು ಕಾಯುತ್ತಿದ್ದದ್ದು ಯಾರ ಮಾನವನ್ನು?